ಅಂಗಡಿಯ ಮೇಲ್ ಸ್ಪ್ಯಾಮ್‌ಗೆ ಬೀಳದಿರಲು ಯಾವ ದಾರಿ ಆರಿಸಬೇಕು?

ಹೋದ ದೀಪಾವಳಿಗೆ ಎರಡು ವಾರ ಇದೆ ಅನ್ನುವಾಗ ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಅಂಗಡಿ ನಡೆಸುವ ಅಕ್ಕ ಒಬ್ಬರು ಫೋನ್ ಮಾಡಿದರು. "ನಾಲ್ಕು ಸಾವಿರದ ಇನ್ನೂರು ಜನಕ್ಕೆ ಹಬ್ಬದ ಆಫರ್ ಮೇಲ್ ಕಳಿಸಿದ್ದೀವಿ. ಎಲ್ಲಾ ಹೋಗಿದೆ ಅಂತ ತೋರಿಸ್ತಿದೆ. ಬಂದಿರೋದು ಮೂರೇ ಮೂರು ಆರ್ಡರ್ ನೋಡಿ." ನಾನು ಶಿವಮೊಗ್ಗದಲ್ಲಿದ್ದುಕೊಂಡು ಇಂಥ ಸಣ್ಣ ವ್ಯಾಪಾರಿಗಳ ವೆಬ್‌ಸೈಟ್, ಮೇಲ್ ನೋಡಿಕೊಳ್ಳುತ್ತೇನೆ. ನಾನೂ ಅವರ ಗಿರಾಕಿ. ಆ ಮೇಲ್ ನನಗೂ ಬಂದಿತ್ತು, ಹುಡುಕಿದಾಗ ಸ್ಪ್ಯಾಮ್ ಫೋಲ್ಡರಿನಲ್ಲಿ ಸಿಕ್ಕಿತು.

ಅವರ ಮುಂದಿನ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ: "ಯಾವ ಸರ್ವಿಸ್ ತಗೊಂಡ್ರೆ ಇನ್‌ಬಾಕ್ಸಿಗೇ ಹೋಗುತ್ತೆ?" ಆ ಪ್ರಶ್ನೆಗೆ ಉತ್ತರ ಇದೆ, ಮುಂದೆ ಬರೆಯುತ್ತೇನೆ. ಆದರೆ ಅದು ಮೂರನೆಯ ಪ್ರಶ್ನೆ. ಮೊದಲನೆಯದು ಯಾರಿಗೆ ಕಳಿಸುತ್ತಿದ್ದೀರಿ ಎಂಬುದು, ಎರಡನೆಯದು ಯಾರ ಹೆಸರಿನಲ್ಲಿ ಕಳಿಸುತ್ತಿದ್ದೀರಿ ಎಂಬುದು. ಮೊದಲೆರಡು ಕೆಟ್ಟಿದ್ದರೆ ಎಷ್ಟು ದುಬಾರಿ ಸರ್ವಿಸ್ ತೆಗೆದುಕೊಂಡರೂ ಹಣ ನೀರಿನಲ್ಲಿ ಹೋಮ. ಹಾಗಾಗಿ ಹೋಲಿಕೆಯನ್ನು ಅದೇ ಕ್ರಮದಲ್ಲಿ ಮಾಡುತ್ತೇನೆ.

ಕೊಂಡ ಲಿಸ್ಟೋ, ಕೂಡಿಸಿದ ಲಿಸ್ಟೋ

ಅಕ್ಕನ ಎಕ್ಸೆಲ್ ಶೀಟ್ ತರಿಸಿಕೊಂಡು ನೋಡಿದೆ. ಮೂರು ಬಗೆಯ ವಿಳಾಸಗಳು ಒಂದರ ಕೆಳಗೊಂದು ಸೇರಿಕೊಂಡಿದ್ದವು. ಅಂಗಡಿಯಲ್ಲಿ, ವೆಬ್‌ಸೈಟಿನಲ್ಲಿ ಕಾಫಿ ಕೊಂಡವರದು ಸುಮಾರು ಸಾವಿರದ ನಾಲ್ಕುನೂರು. ಬೆಂಗಳೂರಿನ ಒಂದು ಮೇಳದಲ್ಲಿ ಮಳಿಗೆ ಹಾಕಿದ್ದಾಗ ನೋಟ್‌ಬುಕ್‌ನಲ್ಲಿ ಬರೆಸಿಕೊಂಡದ್ದು ಎಂಟುನೂರು. ಉಳಿದ ಎರಡು ಸಾವಿರ ಯಾರೋ ಒಬ್ಬರು "ಕರ್ನಾಟಕದ ಕಾಫಿ ಪ್ರಿಯರ ಡೇಟಾ" ಎಂದು ಹೇಳಿ ಮಾರಿದ್ದು.

ಕೊಂಡ ಲಿಸ್ಟು ದುಡ್ಡು ಕೊಟ್ಟು ಶನಿ ತಂದುಕೊಂಡ ಹಾಗೆ. ಅದರಲ್ಲಿ ಎಷ್ಟೋ ವಿಳಾಸಗಳು ಬದುಕಿಲ್ಲ. ಬದುಕಿರುವವರಿಗೆ ನೀವು ಯಾರೆಂದು ಗೊತ್ತಿಲ್ಲ, ಆದ್ದರಿಂದ "ರಿಪೋರ್ಟ್ ಸ್ಪ್ಯಾಮ್" ಒತ್ತುತ್ತಾರೆ. ಇನ್ನು ಕೆಲವು ವಿಳಾಸಗಳು ಮನುಷ್ಯರದ್ದೇ ಅಲ್ಲ. ಸ್ಪ್ಯಾಮ್ ಕಳಿಸುವವರನ್ನು ಹಿಡಿಯಲೆಂದೇ ಇಟ್ಟ ಬೋನುಗಳು ಅವು, ಸ್ಪ್ಯಾಮ್ ಟ್ರ್ಯಾಪ್ ಎನ್ನುತ್ತಾರೆ. ಯಾವ ಮನುಷ್ಯನೂ ಎಲ್ಲೂ ಬರೆದುಕೊಟ್ಟಿರದ ವಿಳಾಸಕ್ಕೆ ನಿಮ್ಮ ಮೇಲ್ ಬಂತೆಂದರೆ ನೀವು ಲಿಸ್ಟ್ ಕೊಂಡಿದ್ದೀರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 1998ರಿಂದ ಕೆಲಸ ಮಾಡುತ್ತಿರುವ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳ ಕಪ್ಪುಪಟ್ಟಿಗೆ ಒಮ್ಮೆ ಹೆಸರು ಸೇರಿದರೆ ನಿಮ್ಮ ಬಿಲ್ಲು, ಕೊರಿಯರ್ ಮಾಹಿತಿಯೂ ಗಿರಾಕಿಗೆ ತಲುಪದು.

ಲೆಕ್ಕ ಹಾಕಿ ನೋಡಿ. ಬಂದ ಮೇಲ್ ಸ್ಪ್ಯಾಮ್ ಎಂದು ಜನ ದೂರುವ ಪ್ರಮಾಣ 0.3% ಮುಟ್ಟಬಾರದು, 0.1%ಕ್ಕಿಂತ ಕೆಳಗಿದ್ದರೆ ಒಳ್ಳೆಯದು ಎಂದು ಜಿಮೇಲ್ ಹೇಳುತ್ತದೆ. ಸಾವಿರಕ್ಕೆ ಮೂರು ಎಂದರೆ ಕೇಳಲು ಏನೂ ಅಲ್ಲ ಅನಿಸಬಹುದು. ಆದರೆ ಅಕ್ಕ ಕಳಿಸಿದ ನಾಲ್ಕು ಸಾವಿರದ ಇನ್ನೂರರಲ್ಲಿ ಹದಿಮೂರು ಜನ ಸಿಟ್ಟಿನಿಂದ ಒಂದು ಬಟನ್ ಒತ್ತಿದರೆ ಗೆರೆ ಮುಟ್ಟಿದಂತೆಯೇ. ಎರಡು ಸಾವಿರ ಅಪರಿಚಿತರ ಗುಂಪಿನಲ್ಲಿ ಹದಿಮೂರು ಜನ ಸಿಟ್ಟಾಗುವುದು ಎಷ್ಟು ಹೊತ್ತಿನ ಕೆಲಸ? ಅದರ ಪೆಟ್ಟು ಬೀಳುವುದು ಉಳಿದ ಸಾವಿರದ ನಾಲ್ಕುನೂರು ನಿಜವಾದ ಗಿರಾಕಿಗಳ ಮೇಲ್‌ಗೂ ಸೇರಿ.

ಈ ಹೋಲಿಕೆಯಲ್ಲಿ ನನ್ನ ಕಡೆಯಿಂದ ರಾಜಿ ಇಲ್ಲ. ಆ ಎರಡು ಸಾವಿರ ಸಾಲುಗಳನ್ನು ನಾನೇ ಕೂತು ಅಳಿಸಿದೆ. "ಅಯ್ಯೋ, ಏಳು ಸಾವಿರ ಕೊಟ್ಟಿದ್ದೆ ಕಣ್ರೀ" ಎಂದು ಅಕ್ಕ ಸಂಕಟಪಟ್ಟರು. ಪಡುವಂಥದ್ದೇ.

ಕೂಡಿಸಿದ ಲಿಸ್ಟ್‌ನಲ್ಲೂ ಎರಡು ದಾರಿಗಳಿವೆ. ವಿಳಾಸ ಕೊಟ್ಟ ತಕ್ಷಣ ಸೇರಿಸಿಕೊಳ್ಳುವುದು ಒಂದು. ವಿಳಾಸಕ್ಕೆ ಮೊದಲು ಒಂದು ಮೇಲ್ ಕಳಿಸಿ, ಅದರಲ್ಲಿರುವ ಲಿಂಕ್ ಒತ್ತಿದವರನ್ನು ಮಾತ್ರ ಸೇರಿಸಿಕೊಳ್ಳುವುದು ಇನ್ನೊಂದು, ಇದಕ್ಕೆ ಡಬಲ್ ಆಪ್ಟ್-ಇನ್ ಎನ್ನುತ್ತಾರೆ. ಮೊದಲನೆಯದರಲ್ಲಿ ಲಿಸ್ಟ್ ಬೇಗ ಬೆಳೆಯುತ್ತದೆ. ಎರಡನೆಯದರಲ್ಲಿ ಒಂದಷ್ಟು ಜನ ಲಿಂಕ್ ಒತ್ತದೆ ಬಿಟ್ಟುಹೋಗುತ್ತಾರೆ, ಆದರೆ ಉಳಿದವರು ಗಟ್ಟಿ ಕಾಳು.

ಮೇಳದ ನೋಟ್‌ಬುಕ್ ಫೋಟೋ ತೆಗೆಸಿ ನೋಡಿದಾಗ ಯಾವುದು ಮೇಲೆಂದು ಕಣ್ಣಿಗೇ ಕಂಡಿತು. ನಿಂತುಕೊಂಡು, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಬರೆದ ಇಂಗ್ಲಿಷ್ ಅಕ್ಷರಗಳು. ಎಲ್ ಯಾವುದು ಒಂದು ಯಾವುದು ಗೊತ್ತಾಗದು. ಜಿಮೇಲ್ ಸ್ಪೆಲಿಂಗ್‌ನಲ್ಲಿ ಅಕ್ಷರ ಹಿಂದುಮುಂದು. ಒಂದು ಪುಟದ ಮೇಲೆ ಡಿಕಾಕ್ಷನ್ ಚೆಲ್ಲಿ ಐದು ಸಾಲು ಮಸುಕು. ಇದನ್ನು ನೋಡಿ ಟೈಪ್ ಮಾಡಿದ ಹುಡುಗ ತನಗೆ ತೋಚಿದಂತೆ ತುಂಬಿಸಿದ್ದಾನೆ. ಎಂಟುನೂರರಲ್ಲಿ ನೂರಕ್ಕೂ ಹೆಚ್ಚು ಮೇಲ್ ಬೌನ್ಸ್ ಆಗಿ ಹಿಂದಕ್ಕೆ ಬಂದಿದ್ದವು.

ನನ್ನ ಸಲಹೆ ಇಷ್ಟು. ವೆಬ್‌ಸೈಟಿನ ಫಾರ್ಮ್, ಮೇಳ, ಲಕ್ಕಿ ಡ್ರಾ ಚೀಟಿ, ಇವುಗಳಿಗೆ ಡಬಲ್ ಆಪ್ಟ್-ಇನ್ ಇರಲೇಬೇಕು. ದುಡ್ಡು ಕೊಟ್ಟು ಸಾಮಾನು ಕೊಂಡು, "ಹೊಸ ಸರಕು ಬಂದಾಗ ಮೇಲ್ ಕಳಿಸಿ" ಎಂದು ತಾವೇ ಟಿಕ್ ಹಾಕಿದವರಿಗೆ ಅದು ಇಲ್ಲದಿದ್ದರೂ ನಡೆಯುತ್ತದೆ, ಬಿಲ್ ಮೇಲ್ ತಲುಪಿದಾಗಲೇ ವಿಳಾಸ ಸರಿಯಿದೆ ಎಂದು ತಿಳಿದಿರುತ್ತದೆ. ಆ ಟಿಕ್ ಮೊದಲೇ ಹಾಕಿಟ್ಟಿರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವುದು ಗಿರಾಕಿ ತಾನಾಗಿ, ತಿಳಿದು, ಸ್ಪಷ್ಟವಾಗಿ ಕೊಟ್ಟ ಒಪ್ಪಿಗೆಯನ್ನು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲೂ ಆಗಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೆ ಬರುತ್ತವೆ. ಎಸ್‌ಎಂಎಸ್‌ಗೆ ಇರುವ ಟ್ರಾಯ್ ನೋಂದಣಿ ಮೇಲ್‌ಗೆ ಇಲ್ಲ ಎಂದು ಮೈಮರೆಯುವ ಕಾಲ ಮುಗಿಯಿತು.

ಹಳೆಯ ವಿಳಾಸಗಳ ಮಾತೂ ಇಲ್ಲೇ ಮುಗಿಸಿಬಿಡುತ್ತೇನೆ. ಎರಡು ವರ್ಷ ಬಳಸದ ವೈಯಕ್ತಿಕ ಗೂಗಲ್ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸತೊಡಗಿದೆ. ನಿಮ್ಮ 2019ರ ಲಿಸ್ಟಿನಲ್ಲಿ ಇದ್ದ ಎಷ್ಟೋ ಜಿಮೇಲ್ ವಿಳಾಸಗಳು ಈಗ ಖಾಲಿ ಮನೆಗಳು. ಇಂಥ ವಿಳಾಸಗಳನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂದರೆ, "ನಮ್ಮ ಮೇಲ್ ಇನ್ನೂ ಬೇಕೇ?" ಎಂದು ಒಂದೇ ಒಂದು ಸಲ ಕೇಳಿ, ಉತ್ತರ ಬರದವರನ್ನು ಕೈಬಿಡಿ. ಯಾರು ಓದುತ್ತಿದ್ದಾರೆ ಎಂದು ತಿಳಿಯಲು ಓಪನ್ ರೇಟ್ ನಂಬಬೇಡಿ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪಿನಲ್ಲಿ ಖಾಸಗಿತನದ ಹೊಸ ವ್ಯವಸ್ಥೆ ತಂದ ಮೇಲೆ, ಗಿರಾಕಿ ತೆರೆಯದಿದ್ದರೂ ತೆರೆದಂತೆ ಲೆಕ್ಕ ಬರುತ್ತದೆ. ಲಿಂಕ್ ಒತ್ತಿದವರು, ಉತ್ತರ ಬರೆದವರು, ಆರ್ಡರ್ ಕೊಟ್ಟವರು, ಇವರನ್ನು ಎಣಿಸಿ.

ಜಿಮೇಲ್ ವಿಳಾಸವೋ, ಸ್ವಂತ ಡೊಮೈನೋ

ಅಕ್ಕನ ಮೇಲ್ ಹೋಗಿದ್ದು ಅಂಗಡಿ ಹೆಸರಿನ ಒಂದು ಜಿಮೇಲ್ ವಿಳಾಸದಿಂದ. ಕಳಿಸಿದ್ದು ಮಾತ್ರ ಜಿಮೇಲ್ ಅಲ್ಲ, ವೆಬ್‌ಸೈಟ್ ಇಟ್ಟಿರುವ ಹೋಸ್ಟಿಂಗ್ ಸರ್ವರ್‌. ಅಂದರೆ ಹೆಸರು ಗೂಗಲ್‌ನದು, ಗಾಡಿ ಬೇರೆಯವರದು. ಇಂಥದ್ದನ್ನು ಮೇಲ್ ಕಂಪನಿಗಳು ಈಗ ಅನುಮಾನದಿಂದಲೇ ನೋಡುತ್ತವೆ. ಯಾಹೂ 2014ರಲ್ಲೇ ತನ್ನ ಹೆಸರು ಹೊತ್ತು ಹೊರಗಿನಿಂದ ಬರುವ ಮೇಲ್‌ಗಳನ್ನು ತಿರಸ್ಕರಿಸಿ ಎಂದು ಜಗತ್ತಿಗೆಲ್ಲ ಹೇಳಿಬಿಟ್ಟಿದೆ.

ಸ್ವಂತ ಡೊಮೈನ್ ಎಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಅಂಗಡಿಯದೇ ಹೆಸರು, ವೆಬ್‌ಸೈಟ್ ವಿಳಾಸದಲ್ಲೂ ಮೇಲ್ ವಿಳಾಸದಲ್ಲಿ @ ಆದಮೇಲೂ ಬರುವಂಥದ್ದು. ಅದಕ್ಕೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು. ಉಚಿತ ಜಿಮೇಲ್‌ನಿಂದ ದಿನಕ್ಕೆ 500 ಜನಕ್ಕಷ್ಟೇ ಕಳಿಸಬಹುದು, ಅದೂ ಇಂಥ ಕೆಲಸಕ್ಕೆ ಮಾಡಿದ್ದಲ್ಲ. ವ್ಯಾಪಾರದ ಮೇಲ್ ಕಳಿಸುವವರು ಸ್ವಂತ ಡೊಮೈನ್ ಮಾಡಿಸಿಕೊಳ್ಳಲೇಬೇಕು, ಇಲ್ಲಿ ಹೋಲಿಸಲು ಹೆಚ್ಚೇನೂ ಇಲ್ಲ.

ಡೊಮೈನ್ ಇದ್ದ ಮೇಲೆ ಮೂರು ದಾಖಲೆಗಳು. ಹೆಸರು ಕೇಳಿ ಜನ ಹೆದರುತ್ತಾರೆ, ಅಗತ್ಯವಿಲ್ಲ. ಎಸ್‌ಪಿಎಫ್ ಎಂದರೆ "ನನ್ನ ಸರಕು ಸಾಗಿಸಲು ಇಂಥಿಂಥ ಲಾರಿಗಳಿಗೆ ಮಾತ್ರ ಅಪ್ಪಣೆ" ಎಂದು ಡೊಮೈನ್‌ನ ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ವಿವರಗಳನ್ನು ಎಲ್ಲರೂ ನೋಡುವಂತೆ ಇಡುವ ಕಡತ) ಬರೆದಿಡುವ ಪಟ್ಟಿ. ಡಿಕಿಮ್ ಎಂದರೆ ಪ್ರತಿ ಲಕೋಟೆಯ ಮೇಲೆ ಒತ್ತುವ ಅರಗಿನ ಮುದ್ರೆ, ದಾರಿಯಲ್ಲಿ ಯಾರಾದರೂ ಒಳಗಿನ ಕಾಗದ ಬದಲಿಸಿದರೆ ಮುದ್ರೆ ಒಡೆದದ್ದು ಗೊತ್ತಾಗುತ್ತದೆ. ಡಿಮಾರ್ಕ್ ಎಂದರೆ ಈ ಎರಡೂ ಹೊಂದದಿದ್ದರೆ ಏನು ಮಾಡಬೇಕು, ಯಾರಿಗೆ ವರದಿ ಕಳಿಸಬೇಕು ಎಂದು ನೀವು ಕೊಡುವ ಅಪ್ಪಣೆ. ಎಸ್‌ಪಿಎಫ್ ಸಾಕೇ ಡಿಕಿಮ್ ಬೇಕೇ ಎಂದು ಕೇಳುವವರಿದ್ದಾರೆ. ಒಂದನ್ನೇ ಆರಿಸಬೇಕಾದರೆ ಡಿಕಿಮ್ ಆರಿಸುತ್ತೇನೆ. ಗಿರಾಕಿ ತನ್ನ ಮೇಲ್ ಅನ್ನು ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗುವಂತೆ ಇಟ್ಟುಕೊಂಡಿದ್ದರೆ ಎಸ್‌ಪಿಎಫ್ ಮುರಿಯುತ್ತದೆ, ಮುದ್ರೆ ಉಳಿಯುತ್ತದೆ. ಆದರೆ ಒಂದನ್ನೇ ಆರಿಸುವ ಪ್ರಶ್ನೆ ಇಲ್ಲ, ಮೂರನ್ನೂ ಹಾಕಿ. ಡಿಎನ್‌ಎಸ್‌ನಲ್ಲಿ ಮೂರು ಸಾಲು ಸೇರಿಸುವುದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ. ದಿನಕ್ಕೆ ಸುಮಾರು 5,000 ಅಥವಾ ಹೆಚ್ಚು ಮೇಲ್‌ಗಳನ್ನು ಜಿಮೇಲ್ ವಿಳಾಸಗಳಿಗೆ ಕಳಿಸಿದವರು ಗೂಗಲ್ ಲೆಕ್ಕದಲ್ಲಿ ದೊಡ್ಡವರು, ಒಮ್ಮೆ ಆ ಲೆಕ್ಕಕ್ಕೆ ಸೇರಿದರೆ ಮತ್ತೆ ಹೊರಬರಲಾಗದು. ಔಟ್‌ಲುಕ್, ಹಾಟ್‌ಮೇಲ್ ವಿಳಾಸಗಳಿಗೆ ಮೈಕ್ರೋಸಾಫ್ಟ್ ಕೂಡ 2025ರ ಮೇ 5ರಿಂದ ಅದೇ ಸಂಖ್ಯೆಯ ಮೇಲಿನವರಿಗೆ ಇದೇ ನಿಯಮ ತಂದಿತು. "ನಾವು ಕಳಿಸೋದು ಎರಡೇ ಸಾವಿರ, ನಮಗೆ ಅನ್ವಯಿಸಲ್ಲ" ಎಂದುಕೊಳ್ಳಬೇಡಿ. ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇಲ್ಲದಿದ್ದರೆ ಚಿಕ್ಕವರ ಮೇಲ್ ಕೂಡ ಜಿಮೇಲ್‌ನಲ್ಲಿ ನಿಲ್ಲುವುದಿಲ್ಲ.

ನಾನು ಅತಿ ಹೆಚ್ಚು ಸಲ ನೋಡಿರುವ ತಪ್ಪು ಒಂದಿದೆ. ಮೊದಲು ಆಫೀಸ್ ಮೇಲ್‌ಗೆಂದು ಒಂದು ಎಸ್‌ಪಿಎಫ್ ಸಾಲು ಹಾಕಿರುತ್ತಾರೆ. ಆಮೇಲೆ ಹೊಸ ಸರ್ವಿಸ್ ಸೇರಿದಾಗ ಅವರು ಕೊಟ್ಟ ಇನ್ನೊಂದು ಸಾಲನ್ನು ಕೆಳಗೆ ಅಂಟಿಸುತ್ತಾರೆ. ಒಂದು ಡೊಮೈನ್‌ಗೆ ಎರಡು ಎಸ್‌ಪಿಎಫ್ ಇದ್ದರೆ ಎರಡೂ ಕೆಲಸಕ್ಕೆ ಬಾರವು. ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಬೇಕು. ಅದರಲ್ಲೂ ಹೊರಗಿನ ಡಿಎನ್‌ಎಸ್ ಕಡೆಗೆ ಹತ್ತಕ್ಕಿಂತ ಹೆಚ್ಚು ಸಲ ಕೈತೋರಿಸುವ ಹಾಗಿಲ್ಲ.

ಎಲ್ಲ ಸರಿಯಾಯಿತೇ ಎಂದು ನೋಡುವುದು ಹೀಗೆ. ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಮೊಬೈಲ್ ಆ್ಯಪಿನಲ್ಲಿ ಇದು ಸಿಗದು, ಕಂಪ್ಯೂಟರಿನಲ್ಲಿ ತೆರೆಯಿರಿ. ಬಲಗಡೆಯ ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ಆರಿಸಿ. ಮೇಲ್ಗಡೆ ಒಂದು ಚಿಕ್ಕ ಕೋಷ್ಟಕ ಬರುತ್ತದೆ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಎದುರೂ "ಪಾಸ್" ಎಂದಿರಬೇಕು. ಅಷ್ಟಕ್ಕೇ ನಿಲ್ಲಬೇಡಿ. ಡಿಕಿಮ್ ಪಾಸ್ ಎಂಬುದರ ಪಕ್ಕ ಯಾವ ಡೊಮೈನ್ ಹೆಸರಿದೆ ನೋಡಿ. ಅಲ್ಲಿ ನಿಮ್ಮ ಅಂಗಡಿಯ ಡೊಮೈನ್ ಇರಬೇಕು. ಅಕ್ಕನ ಮೇಲ್‌ನಲ್ಲಿ ಎಸ್‌ಪಿಎಫ್ ಪಾಸ್ ಇತ್ತು, ಆದರೆ ಅದು ಹೋಸ್ಟಿಂಗ್ ಕಂಪನಿಯ ಸರ್ವರ್ ಹೆಸರಿಗೆ. ಡಿಕಿಮ್ ಸಾಲೇ ಇರಲಿಲ್ಲ. ಡಿಮಾರ್ಕ್ ಎದುರು "ಫೇಲ್". ನಾಲ್ಕು ಸಾವಿರದ ಇನ್ನೂರು ಮೇಲ್‌ಗಳ ಕಥೆ ಆ ಒಂದು ಪದದಲ್ಲಿತ್ತು.

ಡಿಮಾರ್ಕ್‌ನಲ್ಲಿ ಮೂರು ಆಯ್ಕೆಗಳು. ಹೊಂದದ ಮೇಲ್ ಬಂದರೆ ಏನೂ ಮಾಡಬೇಡಿ, ವರದಿ ಮಾತ್ರ ಕೊಡಿ ಎನ್ನುವುದು ನನ್ (none). ಸ್ಪ್ಯಾಮ್‌ಗೆ ಹಾಕಿ ಎನ್ನುವುದು ಕ್ವಾರಂಟೈನ್. ಬಾಗಿಲಲ್ಲೇ ತಿರುಗಿಸಿ ಕಳಿಸಿ ಎನ್ನುವುದು ರಿಜೆಕ್ಟ್. ಜಿಮೇಲ್ ನಿಯಮಕ್ಕೆ ನನ್ ಸಾಕು. ಆದರೆ ನಿಮ್ಮ ಅಂಗಡಿಯ ಹೆಸರಿನಲ್ಲಿ ಯಾರಾದರೂ ಮೋಸದ ಮೇಲ್ ಕಳಿಸಿದರೆ ನನ್ ತಡೆಯುವುದಿಲ್ಲ. ಮೊದಲ ದಿನವೇ ರಿಜೆಕ್ಟ್ ಹಾಕುವ ಧೈರ್ಯವೂ ಬೇಡ. ಟ್ಯಾಲಿಯಿಂದ ಹೋಗುವ ಇನ್‌ವಾಯ್ಸ್, ವೆಬ್‌ಸೈಟಿನಿಂದ ಹೋಗುವ ಆರ್ಡರ್ ಮೇಲ್ ಎಲ್ಲೆಲ್ಲಿಂದ ಹೊರಡುತ್ತವೆ ಎಂದು ನಿಮಗೇ ಪೂರ್ತಿ ಗೊತ್ತಿರುವುದಿಲ್ಲ, ಅವೂ ತಿರಸ್ಕೃತವಾಗುತ್ತವೆ. ಒಂದೆರಡು ತಿಂಗಳು ನನ್ ಇಟ್ಟು ವರದಿ ನೋಡಿ, ಎಲ್ಲ ಹೊಂದಿದ ಮೇಲೆ ಕ್ವಾರಂಟೈನ್‌ಗೆ ಹೋಗಿ. ರಿಜೆಕ್ಟ್ ಅದಾದ ಮೇಲಿನ ಮಾತು.

ಮುಖ್ಯ ಡೊಮೈನ್‌ನಿಂದಲೇ ಆಫರ್ ಕಳಿಸಬೇಕೇ, ಅದರಡಿಯ ಸಬ್‌ಡೊಮೈನ್‌ನಿಂದಲೇ? ಸಬ್‌ಡೊಮೈನ್ ಒಳ್ಳೆಯದು. ಬಿಲ್ಲು, ಪಾಸ್‌ವರ್ಡು ಹೋಗುವ ದಾರಿ ಬೇರೆ, ಆಫರ್ ಹೋಗುವ ದಾರಿ ಬೇರೆ ಇದ್ದರೆ ಒಂದರ ಕೆಟ್ಟ ಹೆಸರು ಇನ್ನೊಂದಕ್ಕೆ ಪೂರ್ತಿ ಅಂಟುವುದಿಲ್ಲ. ಆದರೆ 5,000ದ ಲೆಕ್ಕದಲ್ಲಿ ಗೂಗಲ್ ಸಬ್‌ಡೊಮೈನ್‌ಗಳನ್ನೆಲ್ಲ ಒಟ್ಟಿಗೇ ಎಣಿಸುತ್ತದೆ. ಕೆಲವರು ಹೆಸರಿನಲ್ಲಿ ಒಂದಕ್ಷರ ಬದಲಿಸಿ ಬೇರೆಯೇ ಡೊಮೈನ್ ಕೊಳ್ಳುತ್ತಾರೆ. ಅದು ವಂಚಕರು ಮಾಡುವ ಕೆಲಸದಂತೆಯೇ ಕಾಣುತ್ತದೆ, ಮಾಡಬೇಡಿ.

ಯಾರ ಕೈಯಲ್ಲಿ ಕಳಿಸುವುದು

ಈಗ ಅಕ್ಕನ ಪ್ರಶ್ನೆಗೆ ಬರೋಣ. ನಮ್ಮ ಕಡೆಯ ಸಣ್ಣ ವ್ಯಾಪಾರಿಗೆ ಐದು ದಾರಿಗಳಿವೆ.

ಹೋಸ್ಟಿಂಗ್ ಜೊತೆ ಬಿಟ್ಟಿ ಬರುವ ಮೇಲ್ ಎಲ್ಲಕ್ಕಿಂತ ಕೆಟ್ಟದ್ದು. ಒಂದೇ ಸರ್ವರಿನಲ್ಲಿ ನೂರಾರು ವೆಬ್‌ಸೈಟ್‌ಗಳು ಇರುತ್ತವೆ, ಅವೆಲ್ಲ ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್‌ನಲ್ಲಿ ಸರ್ವರಿನ ಗುರುತಿನ ಸಂಖ್ಯೆ) ಮೇಲ್ ಕಳಿಸುತ್ತವೆ. ಅದರಲ್ಲಿ ಒಂದು ಸೈಟ್ ಹ್ಯಾಕ್ ಆಗಿ ಸ್ಪ್ಯಾಮ್ ಉಗುಳಿದರೆ ಆ ಐಪಿಯ ಹೆಸರು ಕೆಡುತ್ತದೆ, ಜೊತೆಗೆ ನಿಮ್ಮದೂ. ಸಹವಾಸ ದೋಷ. ಬಿಲ್ ಕಳಿಸುವುದಕ್ಕೂ ನಾನು ಇದನ್ನು ಒಪ್ಪುವುದಿಲ್ಲ.

ಗೂಗಲ್ ವರ್ಕ್‌ಸ್ಪೇಸ್ ಅಥವಾ ಜೋಹೋ ಮೇಲ್‌ನಂಥ ಆಫೀಸ್ ಮೇಲ್‌ಬಾಕ್ಸ್ ಎರಡನೆಯದು. ವರ್ಕ್‌ಸ್ಪೇಸ್‌ನಲ್ಲಿ ಒಬ್ಬರು ದಿನಕ್ಕೆ 2,000ದವರೆಗೆ ಕಳಿಸಬಹುದು. ಇನ್ನೂರು ಮುನ್ನೂರು ಖಾಯಂ ಗಿರಾಕಿಗಳಿಗೆ, ಡೀಲರ್‌ಗಳಿಗೆ ಹೆಸರು ಹಿಡಿದು ಬರೆಯುವ ಪತ್ರಕ್ಕೆ ಇದು ಚೆನ್ನ. ಸಾವಿರ ದಾಟಿದರೆ ಬೌನ್ಸ್ ಆದವರನ್ನು ತೆಗೆಯುವುದು, ಬೇಡ ಎಂದವರನ್ನು ನೆನಪಿಡುವುದು ಎಲ್ಲ ಕೈಯಲ್ಲೇ ಮಾಡಬೇಕಾಗುತ್ತದೆ. ಅಲ್ಲಿ ಕೆಲಸ ತಪ್ಪುತ್ತದೆ. ಆ ಖಾತೆಗೆ ತಡೆ ಬಿದ್ದರೆ ಇಡೀ ಆಫೀಸಿನ ಪತ್ರವ್ಯವಹಾರವೇ ನಿಲ್ಲುತ್ತದೆ.

ಮೂರನೆಯದು ಮೇಲ್ ಮಾರ್ಕೆಟಿಂಗ್‌ಗೆಂದೇ ಇರುವ ಸರ್ವಿಸ್: ಚೆನ್ನೈನ ಜೋಹೋದವರ ಕ್ಯಾಂಪೇನ್ಸ್, ಹಿಂದೆ ಸೆಂಡಿನ್‌ಬ್ಲೂ ಎಂದಿದ್ದು 2023ರಲ್ಲಿ ಹೆಸರು ಬದಲಿಸಿಕೊಂಡ ಫ್ರಾನ್ಸಿನ ಬ್ರೆವೋ, 2021ರಲ್ಲಿ ಇಂಟ್ಯೂಟ್ ಕೊಂಡ ಅಮೆರಿಕದ ಮೇಲ್‌ಚಿಂಪ್. ಬೌನ್ಸ್ ಆದ ವಿಳಾಸವನ್ನು ಇವೇ ಪಕ್ಕಕ್ಕಿಡುತ್ತವೆ, ಅನ್‌ಸಬ್‌ಸ್ಕ್ರೈಬ್ ಬಟನ್ ಇವೇ ಹಾಕುತ್ತವೆ, ಡಬಲ್ ಆಪ್ಟ್-ಇನ್ ಫಾರ್ಮ್ ಕೊಡುತ್ತವೆ. ಐಪಿಯನ್ನು ಇಲ್ಲೂ ಹಂಚಿಕೊಳ್ಳುವುದೇ, ಆದರೆ ನೆರೆಹೊರೆ ಕಾಯುವವರಿದ್ದಾರೆ, ಕೊಂಡ ಲಿಸ್ಟ್ ತಂದವರ ಖಾತೆ ನಿಲ್ಲಿಸುತ್ತಾರೆ. ಉಚಿತ ಪ್ಲಾನ್ ನೋಡಿ ಮೋಹಗೊಳ್ಳುವ ಮೊದಲು ಲೆಕ್ಕ ಹಾಕಿ. ಬ್ರೆವೋದಲ್ಲಿ ಉಚಿತವಾಗಿ ದಿನಕ್ಕೆ 300 ಮೇಲ್. ಅಕ್ಕನ ಹಳೆಯ ಲಿಸ್ಟ್ ಆಗಿದ್ದರೆ ಒಂದು ಆಫರ್ ಎಲ್ಲರಿಗೂ ತಲುಪಲು ಹದಿನಾಲ್ಕು ದಿನ, ಅಷ್ಟರಲ್ಲಿ ದೀಪಾವಳಿಯೇ ಮುಗಿದಿರುತ್ತದೆ. ಇನ್ನೊಂದು ಎಚ್ಚರಿಕೆ: ಜೋಹೋದವರದೇ ಜೆಪ್ಟೋಮೇಲ್ ಅಗ್ಗವಾಗಿದೆ ಎಂದು ಆಫರ್ ಕಳಿಸಲು ಹೋಗಬೇಡಿ. ಅದು ಒಟಿಪಿ, ಬಿಲ್, ಆರ್ಡರ್ ಮಾಹಿತಿಗೆ ಮಾತ್ರ.

ನಾಲ್ಕನೆಯದು ಅಮೆಜಾನ್ ಎಸ್‌ಇಎಸ್, ಅಮೆಜಾನ್ ಕ್ಲೌಡ್‌ನ ಮೇಲ್ ಕಳಿಸುವ ಸೇವೆ. ಸಾವಿರ ಮೇಲ್‌ಗೆ ಹತ್ತು ಅಮೆರಿಕನ್ ಸೆಂಟ್. ನಾಲ್ಕು ಸಾವಿರದ ಇನ್ನೂರಕ್ಕೆ ಹೆಚ್ಚೂಕಡಿಮೆ ನಲವತ್ತು ರೂಪಾಯಿ, ಒಂದು ಮಸಾಲೆ ದೋಸೆಯ ದುಡ್ಡೂ ಅಲ್ಲ. ಬೆಲೆ ನೋಡಿ ಎಲ್ಲರ ಕಣ್ಣರಳುತ್ತದೆ. ಆದರೆ ಇದು ಎಂಜಿನ್ ಮಾತ್ರ, ಬಸ್ಸು ನೀವೇ ಕಟ್ಟಿಕೊಳ್ಳಬೇಕು. ಹೊಸ ಖಾತೆಗೆ ಮೊದಲು ದಿನಕ್ಕೆ 200 ಮೇಲ್, ಅದೂ ದೃಢೀಕರಿಸಿದ ವಿಳಾಸಗಳಿಗೆ ಮಾತ್ರ. ಲಿಸ್ಟ್ ಹೇಗೆ ಬಂತು ಎಂದು ವಿವರಿಸಿ ಅನುಮತಿ ಪಡೆದ ಮೇಲೆ ಮಿತಿ ಏರುತ್ತದೆ. ಬೌನ್ಸ್ 5% ಮುಟ್ಟಿದರೆ ಖಾತೆ ಪರಿಶೀಲನೆಗೆ, 10% ಆದರೆ ನಿಲ್ಲಿಸುವ ಮಟ್ಟಕ್ಕೆ. ದೂರಿನ ಪ್ರಮಾಣ 0.1% ಆದಾಗಲೇ ಎಚ್ಚರಿಕೆ ಬರುತ್ತದೆ. ಮೇಳದ ನೋಟ್‌ಬುಕ್ಕಿನ ಎಂಟುನೂರನ್ನು ಇಲ್ಲಿ ಹಾಕಿದ್ದರೆ ಮೊದಲ ದಿನವೇ ಬಾಗಿಲು ಮುಚ್ಚುತ್ತಿತ್ತು. ಕೋಡ್ ಬರೆಯುವವರು ಮನೆಯಲ್ಲೇ ಇದ್ದು, ತಿಂಗಳಿಗೆ ಲಕ್ಷದ ಲೆಕ್ಕದಲ್ಲಿ ಕಳಿಸುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಐದನೆಯದು ಸ್ವಂತ ಮೇಲ್ ಸರ್ವರ್. ಹೊಸ ಐಪಿಗೆ ಯಾವ ಹೆಸರೂ ಇರುವುದಿಲ್ಲ, ಹಿಂದೆ ಬಳಸಿದವರ ಕೆಟ್ಟ ಹೆಸರು ಇರಲೂಬಹುದು. ಅಮೆಜಾನ್, ಗೂಗಲ್ ಕ್ಲೌಡ್‌ಗಳಲ್ಲಿ ಮೇಲ್ ಹೊರಡುವ 25ನೇ ಪೋರ್ಟ್‌ಗೆ ಮೊದಲೇ ತಡೆ ಇರುತ್ತದೆ. ವ್ಯಾಪಾರಿಗೆ ಇದು ಬೇಡ.

ಐಪಿ ಹಂಚಿಕೊಳ್ಳುವುದಕ್ಕಿಂತ ನಮಗೇ ಒಂದು ಕೊಂಡರೆ ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಎಸ್‌ಇಎಸ್‌ನಲ್ಲಿ ತಿಂಗಳಿಗೆ 24.95 ಡಾಲರ್‌ಗೆ ಸ್ವಂತ ಐಪಿ ಸಿಗುತ್ತದೆ. ಆದರೆ ಐಪಿಗೆ ಒಳ್ಳೆಯ ಹೆಸರು ಬರುವುದು ದಿನವೂ ಒಂದೇ ಹದದಲ್ಲಿ ಸಾವಿರಾರು ಮೇಲ್ ಹೋಗುತ್ತಿದ್ದರೆ. ತಿಂಗಳಿಗೆ ಒಂದು ಸಲ ಎರಡು ಸಾವಿರ ಕಳಿಸುವವರ ಸ್ವಂತ ಐಪಿ ಊರಿಗೆ ಹೊಸಬನಂತೆ ಸದಾ ಅನುಮಾನದಲ್ಲೇ ಇರುತ್ತದೆ. ಸಣ್ಣವರಿಗೆ ಒಳ್ಳೆಯ ಸರ್ವಿಸ್‌ನ ಹಂಚಿದ ಐಪಿಯೇ ಕ್ಷೇಮ.

ಅಕ್ಕನಿಗೆ ನಾನು ಹೇಳಿದ್ದು ಮೂರನೆಯ ದಾರಿ. ಯಾವ ಕಂಪನಿ ಎಂಬುದಕ್ಕಿಂತ ನಿಮ್ಮ ಡೊಮೈನ್ ಹೆಸರಿನಲ್ಲೇ ಡಿಕಿಮ್ ಮುದ್ರೆ ಒತ್ತಲು ಬಿಡುತ್ತದೆಯೇ, ಕೇಳಿದಾಗ ಮನುಷ್ಯರು ಉತ್ತರ ಕೊಡುತ್ತಾರೆಯೇ, ರೂಪಾಯಿಯಲ್ಲಿ ಜಿಎಸ್‌ಟಿ ಬಿಲ್ ಸಿಗುತ್ತದೆಯೇ ಎಂದು ನೋಡಿ ಆರಿಸಿದೆವು.

ಪೋಸ್ಟರೋ, ಪತ್ರವೋ

ವಾಟ್ಸ್‌ಆ್ಯಪ್‌ನಲ್ಲಿ ಹಬ್ಬದ ಶುಭಾಶಯ ಹಂಚುವ ಅಭ್ಯಾಸ ಮೇಲ್‌ಗೂ ಬಂದಿದೆ. ದೀಪದ ಚಿತ್ರ, ಅದರ ಮೇಲೆ ಆಫರ್ ಬರೆದ ಒಂದೇ ಒಂದು ಪೋಸ್ಟರ್, ಮೇಲ್‌ನಲ್ಲಿ ಬೇರೆ ಅಕ್ಷರವೇ ಇಲ್ಲ. ಸ್ಪ್ಯಾಮ್ ಕಳಿಸುವವರೂ ಮಾತನ್ನು ಚಿತ್ರದೊಳಗೆ ಅಡಗಿಸುತ್ತಿದ್ದರು, ಹಾಗಾಗಿ ಬರೀ ಚಿತ್ರದ ಮೇಲ್ ಕಂಡರೆ ಫಿಲ್ಟರ್‌ಗಳಿಗೆ ಅನುಮಾನ. ಚಿತ್ರ ತೆರೆದುಕೊಳ್ಳದ ಕಡೆ ಗಿರಾಕಿಗೆ ಕಾಣುವುದು ಖಾಲಿ ಚೌಕ. ನಾಲ್ಕು ಸಾಲು ಪತ್ರ, ಒಂದು ಚಿತ್ರ, ಒಂದು ಲಿಂಕ್, ಇಷ್ಟು ಸಾಕು. ಲಿಂಕ್ ನಿಮ್ಮದೇ ಡೊಮೈನ್‌ನದಾಗಿರಲಿ, ಚುಟುಕು ಮಾಡಿಕೊಡುವ ಸೇವೆಗಳನ್ನು ವಂಚಕರೂ ಬಳಸುತ್ತಾರೆ. ಪಿಡಿಎಫ್ ಬೆಲೆಪಟ್ಟಿಯನ್ನು ಲಗತ್ತಿಸಬೇಡಿ, ಸೈಟಿನಲ್ಲಿಟ್ಟು ಲಿಂಕ್ ಕೊಡಿ.

ಕನ್ನಡದಲ್ಲಿ ಬರೆದರೆ ಸ್ಪ್ಯಾಮ್‌ಗೆ ಹೋಗುತ್ತದೆ ಎಂಬ ಭಯ ಕೆಲವರಿಗಿದೆ. ಗಿರಾಕಿ ಕನ್ನಡದವರಾದರೆ ಧೈರ್ಯವಾಗಿ ಕನ್ನಡದಲ್ಲೇ ಬರೆಯಿರಿ. ಒಂದನ್ನು ಮಾತ್ರ ಗಮನಿಸಿ. ಸುಮಾರು 102 ಕಿಲೋಬೈಟ್ ದಾಟಿದ ಮೇಲ್ ಅನ್ನು ಜಿಮೇಲ್ ಅರ್ಧಕ್ಕೆ ಕತ್ತರಿಸಿ ತೋರಿಸುತ್ತದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಅಕ್ಷರ, ಕಾಗುಣಿತದ ಚಿಹ್ನೆ ಒಂದೊಂದಕ್ಕೂ ಮೂರು ಬೇಕು. ಅಲಂಕಾರದ ಟೆಂಪ್ಲೇಟ್‌ನಲ್ಲಿ ಉದ್ದದ ಕನ್ನಡ ತುಂಬಿದರೆ ಮಿತಿ ಬೇಗ ಮುಗಿಯುತ್ತದೆ. ಕತ್ತರಿಸಿಹೋಗುವುದು ಕೆಳಭಾಗ, ಅನ್‌ಸಬ್‌ಸ್ಕ್ರೈಬ್ ಇರುವುದೂ ಅಲ್ಲೇ. ಅದು ಕಾಣದ ಗಿರಾಕಿ ಸ್ಪ್ಯಾಮ್ ಬಟನ್ ಒತ್ತುತ್ತಾನೆ.

ಅನ್‌ಸಬ್‌ಸ್ಕ್ರೈಬ್ ಅನ್ನು ಸಣ್ಣ ಬೂದು ಅಕ್ಷರದಲ್ಲಿ ಬಚ್ಚಿಡುವುದು ಮೇಲೋ, ಎದ್ದು ಕಾಣುವಂತೆ ಇಡುವುದು ಮೇಲೋ ಎಂಬ ಪ್ರಶ್ನೆಗೂ ಇದೇ ಉತ್ತರ. ಬೇಡ ಎಂದು ಹೋದವರಿಂದ ನಿಮಗೆ ನಷ್ಟವಿಲ್ಲ, ಹೋಗಲು ದಾರಿ ಕಾಣದೆ ದೂರು ಕೊಟ್ಟವರಿಂದ ಇದೆ. ದೊಡ್ಡ ಪ್ರಮಾಣದಲ್ಲಿ ಕಳಿಸುವವರ ಮಾರ್ಕೆಟಿಂಗ್ ಮೇಲ್‌ನಲ್ಲಿ ಒಂದೇ ಕ್ಲಿಕ್ಕಿಗೆ ಹೊರಹೋಗುವ ವ್ಯವಸ್ಥೆ ಇರಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು ಎಂದು ಜಿಮೇಲ್, ಯಾಹೂ ಹೇಳಿವೆ. ಎಸ್‌ಇಎಸ್‌ನಲ್ಲಿ ಇದು ತಾನಾಗಿ ಬರುವುದಿಲ್ಲ, ನೀವು ಹಾಕಬೇಕು. ಅಮೆರಿಕದಲ್ಲಿರುವ ಕನ್ನಡಿಗರೂ ನಿಮ್ಮ ಗಿರಾಕಿಗಳಾಗಿದ್ದರೆ ಅಲ್ಲಿನ 2003ರ ಕಾನೂನಿನಂತೆ ಅಂಗಡಿಯ ಅಂಚೆ ವಿಳಾಸವೂ ಮೇಲ್‌ನಲ್ಲಿ ಇರಬೇಕು. ಕೆನಡಾ, ಯೂರೋಪಿನವರಿಗೆ ಕಳಿಸುವಾಗ ಒಪ್ಪಿಗೆಯ ನಿಯಮ ಇನ್ನೂ ಬಿಗಿ.

ಪ್ರಮೋಷನ್ಸ್ ಟ್ಯಾಬ್ ಬೇರೆ, ಸ್ಪ್ಯಾಮ್ ಬೇರೆ. ಜಿಮೇಲ್ 2013ರಲ್ಲಿ ಟ್ಯಾಬ್‌ಗಳನ್ನು ತಂದಾಗಿನಿಂದ ಜನ ಇವೆರಡನ್ನು ಒಂದೇ ಮಾಡಿಕೊಂಡಿದ್ದಾರೆ. ಆಫರ್ ಮೇಲ್ ಪ್ರಮೋಷನ್ಸ್‌ಗೆ ಹೋಗುವುದು ಸರಿಯಾದ ಜಾಗಕ್ಕೆ ಹೋದಂತೆ. ಕೊಳ್ಳುವ ಮನಸ್ಸಿರುವವರು ಅಲ್ಲೇ ನೋಡುತ್ತಾರೆ. ತಪ್ಪಿಸಿಕೊಳ್ಳಲೆಂದು ವಿಷಯದ ಸಾಲಿಗೆ ಸುಳ್ಳು "ರಿ:" ಹಚ್ಚಿ ಹಳೆಯ ಮಾತುಕತೆಯಂತೆ ತೋರಿಸುವುದು ಮೋಸ, ಗೂಗಲ್ ಅದನ್ನು ನಿಷೇಧಿಸಿಯೂ ಇದೆ.

ಹಬ್ಬಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ

ವರ್ಷವಿಡೀ ಸುಮ್ಮನಿದ್ದು ದೀಪಾವಳಿಗೆ ಒಮ್ಮೆಲೇ ಸಾವಿರಾರು ಮೇಲ್ ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಮೇಲ್ ಕಂಪನಿಗಳ ಕಣ್ಣಿಗೆ ಅದು ಹ್ಯಾಕ್ ಆದ ಖಾತೆಯ ಲಕ್ಷಣ. ಗಿರಾಕಿಯೂ ಮರೆತಿರುತ್ತಾನೆ. ಹೊಸ ಡೊಮೈನ್ ಆದರಂತೂ ಮೊದಲು ಇತ್ತೀಚೆಗೆ ಕೊಂಡ ನೂರಿನ್ನೂರು ಜನರಿಂದ ಶುರುಮಾಡಿ, ವಾರಗಟ್ಟಲೆ ಏರಿಸುತ್ತ ಹೋಗಬೇಕು. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ಗೆ ಡೊಮೈನ್ ಸೇರಿಸಿಡಿ, ದೂರಿನ ಪ್ರಮಾಣ ಅಲ್ಲಿ ಕಾಣುತ್ತದೆ. ಕಡಿಮೆ ಕಳಿಸುವ ದಿನಗಳಲ್ಲಿ ಅದು ಖಾಲಿಯಿರುತ್ತದೆ, ಗಾಬರಿ ಬೇಡ.

ಜನವರಿಯಿಂದ ಅಕ್ಕ ತಿಂಗಳಿಗೆ ಒಂದು ಮೇಲ್ ಕಳಿಸುತ್ತಿದ್ದಾರೆ. ಲಿಸ್ಟ್ ಈಗ ಸಾವಿರದ ಒಂಬೈನೂರು. ಮೇಳದ ಕೌಂಟರಿನಲ್ಲಿ ನೋಟ್‌ಬುಕ್ ಬದಲು ಒಂದು ಟ್ಯಾಬ್ಲೆಟ್ ಇದೆ, ಗಿರಾಕಿ ತಾವೇ ಟೈಪ್ ಮಾಡಿ, ಅಲ್ಲೇ ಫೋನ್ ತೆಗೆದು ಲಿಂಕ್ ಒತ್ತುತ್ತಾರೆ. ಕಳಿಸುವ ವಿಳಾಸ "ನೋ-ರಿಪ್ಲೈ" ಆಗಿರಲಿ, ತಲೆನೋವಿರಲ್ಲ ಎಂದು ಅವರ ಮಗ ಹೇಳಿದ್ದ. ನಾನು ಬೇಡವೆಂದೆ. ನಿಮ್ಮ ಮೇಲ್‌ಗೆ ಉತ್ತರ ಬರೆದವರ ಇನ್‌ಬಾಕ್ಸಿಗೆ ಮುಂದಿನ ಮೇಲ್ ತಲುಪುವ ಸಾಧ್ಯತೆ ಹೆಚ್ಚು, ಮೇಲಾಗಿ ಅದು ವ್ಯಾಪಾರ. ಫೆಬ್ರವರಿಯ ಮೇಲ್‌ನಲ್ಲಿ ಆಫರ್ ಏನೂ ಇರಲಿಲ್ಲ. ತೋಟದಲ್ಲಿ ರೋಬಸ್ಟಾ ಕೊಯ್ಲು ಹೇಗೆ ನಡೆದಿದೆ ಎಂದು ಅಕ್ಕ ನಾಲ್ಕು ಸಾಲು ಬರೆದು ಕಣದಲ್ಲಿ ಹಣ್ಣು ಹರವಿದ ಒಂದು ಫೋಟೋ ಹಾಕಿದ್ದರು. ಅರ್ಧ ಗಂಟೆಯಲ್ಲಿ ಧಾರವಾಡದಿಂದ ಉತ್ತರ ಬಂತು: "ಚಿಕೋರಿ ಹತ್ತು ಪರ್ಸೆಂಟ್ ಹಾಕಿ ಅರ್ಧ ಕೆಜಿ ಪುಡಿ ಮಾಡಿ ಕಳಸ್ತೀರೇನ್ರೀ?" ಅಕ್ಕ ಅದನ್ನು ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿದರು, ಅಷ್ಟರಲ್ಲಿ ಪುಡಿ ಮಾಡುವುದಕ್ಕೆ ಹೇಳಿಯೂ ಆಗಿತ್ತು.